ಅಮ್ಮಯಮ್ಮನ ಕಾಯಿಲೆ

ದೇವನಹಳ್ಳಿ
೧೨ ಜೂನ್ ೧೯೪೪

ಪ್ರಿಯ ಖಲೀಲ್,

ಒಂದೂವರೆ ವರ್ಷವಾಯಿತು, ನಾನು ನಿನಗೆ ಕಾಗದ ಹಾಕಿಲ್ಲ, ನೀನೂ ಹಾಕಿಲ್ಲ. ತಪ್ಪು ಯಾರದೆಂದು ಹುಡುಕುವುದು ಬೇಡ, ನನ್ನದೇ ಎಂದಿಟ್ಟುಕೋ. ಕೋಟೆಯೊಳಗಿನ ಶಾಲೆಯಲ್ಲಿ ಒಂದೇ ಹಲಗೆಯ ಮೇಲೆ ಕೂತು ಓದಿದವರು ನಾವು. ನೀನು ಡಾಕ್ಟರಾಗಿ ಹೊಸಕೋಟೆಗೆ ಹೋದೆ, ನಾನು ಇಲ್ಲೇ ಮೇಷ್ಟರಾಗಿ ಕಾದಂಬರಿ ಬರೆಯುವ ಹುಚ್ಚು ಹಿಡಿಸಿಕೊಂಡೆ. ನಡುವೆ ಇರುವುದು ಇಪ್ಪತ್ತು ಮೈಲಿ. ಇದ್ದಿಲ ಬಸ್ಸಿನಲ್ಲಿ ಕೂತರೂ ಮೂರು ಗಂಟೆಯ ದಾರಿ.

ಈಗ ಬರೆಯುತ್ತಿರುವುದರಲ್ಲಿ ಸ್ವಾರ್ಥವಿದೆ. ಹೊಸ ಕಾದಂಬರಿ ಹಿಡಿದಿದ್ದೇನೆ. ಯುದ್ಧದ ದೆಸೆಯಿಂದ ಕಾಗದ ಸಿಗುತ್ತಿಲ್ಲ; ಹುಡುಗರ ಹಳೆಯ ಪರೀಕ್ಷೆ ಹಾಳೆಗಳ ಹಿಂಬದಿಯಲ್ಲಿ ಬರೆಯುತ್ತಿದ್ದೇನೆ. ನಾಯಕಿ ಅಮ್ಮಯಮ್ಮ, ಇಪ್ಪತ್ತಾರು ವರ್ಷ, ಒಂದು ಮಗುವಿನ ತಾಯಿ. ಅವಳಿಗೆ ಮೂರು ತಿಂಗಳಿಂದ ಕೆಮ್ಮು. ಸಂಜೆಯಾದರೆ ಮೈ ಬೆಚ್ಚಗಾಗುತ್ತದೆ, ಬೆಳಗ್ಗೆ ಇಳಿಯುತ್ತದೆ. ಕೈ ಎತ್ತಿದರೆ ಬಳೆಗಳು ಮೊಣಕೈವರೆಗೆ ಜಾರುತ್ತವೆ. ಒಂದು ದಿನ ಗಂಡ ಹಿತ್ತಲಿನ ಒಗೆಯುವ ಕಲ್ಲಿನ ಹತ್ತಿರ ಒಂದು ಬಟ್ಟೆ ನೋಡುತ್ತಾನೆ. ಅದರ ಮೇಲೆ ಕೆಂಪು ಕಲೆ. ಕೇಳಿದರೆ, "ಎಲೆಅಡಿಕೆ ಕಣ್ರೀ" ಎನ್ನುತ್ತಾಳೆ. ಅವಳು ಎಲೆಅಡಿಕೆ ಹಾಕುವವಳೇ ಅಲ್ಲ.

ಇದು ಯಾವ ಕಾಯಿಲೆ? ಎಷ್ಟು ದಿನ ತೆಗೆದುಕೊಳ್ಳುತ್ತದೆ? ಮಗು ಅವಳ ಮಗ್ಗುಲಲ್ಲೇ ಮಲಗುತ್ತದೆ, ಅದರಿಂದ ತೊಂದರೆಯೇ? ನನ್ನ ಕಳೆದ ಕಾದಂಬರಿಯ ಬಗ್ಗೆ ಒಬ್ಬ ವಿಮರ್ಶಕರು "ಭಾವ ಉಂಟು, ವಿವರ ಸಾಲದು" ಎಂದು ಬರೆದರು. ಅದು ಈಗಲೂ ಚುಚ್ಚುತ್ತದೆ. ಈ ಸಲ ಒಂದು ವಿವರವೂ ತಪ್ಪಬಾರದು.

ಭಾಗ್ಯ ಚೆನ್ನಾಗಿದ್ದಾಳೆ. ಪುಟ್ಟಿಗೆ ನಾಲ್ಕು ತುಂಬಿತು. ಅಮ್ಮನದು ಅದೇ ಹಳೆಯ ಗೂರಲು ಕೆಮ್ಮು.

ಬೇಗ ಬರೆ. ಅಧ್ಯಾಯ ನಿಂತಿದೆ.

ನಿನ್ನ,
ಆದಿ


ಹೊಸಕೋಟೆ
೨೯ ಜೂನ್ ೧೯೪೪

ಆದಿನಾರಾಯಣಪ್ಪ,

ನಿನ್ನ ಕಾಗದ ಹದಿನಾಲ್ಕಕ್ಕೇ ಬಂತು. ಉತ್ತರ ಕೊಡಬೇಕೋ ಬೇಡವೋ ಎಂದು ಎರಡು ವಾರ ಬಿಟ್ಟೆ.

ನಿನ್ನ ನಾಯಕಿಗೆ ಕ್ಷಯ. ಇದಕ್ಕೆ ಡಾಕ್ಟರು ಬೇಕಿರಲಿಲ್ಲ. ಸಮೇತನಹಳ್ಳಿಯಿಂದ ನನ್ನ ಹತ್ತಿರ ಬರುವ ಯಾವ ರೈತನೂ ಹೇಳುತ್ತಿದ್ದ. ಕಫದಲ್ಲಿ ರಕ್ತ ಕಂಡಿದೆ ಎಂದರೆ ಎದೆಯಲ್ಲಿ ಆಗಲೇ ಗಾಯವಾಗಿದೆ. ಏನೂ ಮಾಡದಿದ್ದರೆ ಒಂದು ವರ್ಷ, ಹೆಚ್ಚೆಂದರೆ ಒಂದೂವರೆ. ಅಂಟುತ್ತದೆ. ಮಗ್ಗುಲಲ್ಲಿ ಮಲಗುವ ಮಗುವಿಗೇ ಮೊದಲು. ನಿನಗೆ ಕಥೆಯಲ್ಲಿ ಕಣ್ಣೀರು ಹೆಚ್ಚು ಬೇಕಿದ್ದರೆ ಮಗುವನ್ನು ಅಲ್ಲೇ ಬಿಡು. ನಿನ್ನ ಹೆಂಗಸರು ಹೇಗೂ ಕೊನೆಯ ಅಧ್ಯಾಯ ದಾಟುವುದಿಲ್ಲವಲ್ಲ.

ನಮ್ಮ ಮನೆಯ ಒಂದು ಸಂಗತಿ ನಿನಗೆ ಹೇಳಿ ಒಮ್ಮೆ ಬುದ್ಧಿ ಕಲಿತಿದ್ದೇನೆ. ಈ ಅಮ್ಮಯಮ್ಮ ಯಾರ ಮನೆಯವಳೂ ಅಲ್ಲ ಎಂಬ ಧೈರ್ಯದ ಮೇಲೆ ಇಷ್ಟು ಬರೆದೆ.

ಶಾಕಿರಾ ಇಲ್ಲೇ ಇದ್ದಾಳೆ. ನನ್ನ ಹೆಂಡತಿ ಹೋದ ಮೇಲೆ ಮನೆಯಲ್ಲಿ ಅಣ್ಣತಂಗಿ ನಾವಿಬ್ಬರೇ.

ಖಲೀಲುಲ್ಲಾ


ದೇವನಹಳ್ಳಿ
೮ ಜುಲೈ ೧೯೪೪

ಪ್ರಿಯ ಖಲೀಲ್,

ನಿನ್ನ ಕಾಗದದಲ್ಲಿ ಬಿಸಿ ಇತ್ತು. ಯಾವುದರದೆಂದು ಗೊತ್ತು; ಅದಕ್ಕೆ ಇನ್ನೊಮ್ಮೆ ಬರೆಯುತ್ತೇನೆ. ಈಗ ಅಮ್ಮಯಮ್ಮನ ವಿಷಯದಲ್ಲಿ ಇನ್ನೂ ಸ್ವಲ್ಪ ಬೇಕು.

ಗಂಡ ಒಬ್ಬ ಮೇಷ್ಟರು ಎಂದಿಟ್ಟುಕೋ. ಅವನಿಗೆ ಅನುಮಾನ ಬಂದಿದೆ. ಅವಳಿಗೆ ಹೇಳಿಲ್ಲ. ಹಾಲು, ಮೊಟ್ಟೆ, ರಾಗಿ ಅಂಬಲಿ ಚೆನ್ನಾಗಿ ಕೊಟ್ಟರೆ ಅವಳು ತಾನಾಗಿ ಚೇತರಿಸಿಕೊಳ್ಳಬಹುದೇ? ಹಾಗೆ ಚೇತರಿಸಿಕೊಂಡ ಒಂದಾದರೂ ಉದಾಹರಣೆ ನಿನ್ನ ಕೈಕೆಳಗೆ ಇದೆಯೇ? ಒಂದಿದ್ದರೆ ಸಾಕು, ನಾನು ಬರೆಯುವುದು ಸುಳ್ಳಾಗುವುದಿಲ್ಲ. ಬೆಂಗಳೂರಿನ ಕ್ಷಯದ ಆಸ್ಪತ್ರೆಗೆ ಸೇರಿಸಿದರೆ ಊರಿಗೆಲ್ಲ ಗೊತ್ತಾಗುತ್ತದಲ್ಲ? ಆಮೇಲೆ ಅವರ ಮನೆಯ ನೀರು ಯಾರು ಮುಟ್ಟುತ್ತಾರೆ?

ಹೇಳದಿರುವುದು ತಪ್ಪೆಂದು ನನಗೆ ಅನ್ನಿಸುತ್ತಿಲ್ಲ. ಬರೆಯುವವರಿಗೆಲ್ಲ ಗೊತ್ತಿರುವ ಸಂಗತಿ ಇದು: ಪಾತ್ರಕ್ಕೆ ತನ್ನ ಕೊನೆ ಗೊತ್ತಾಗಬಾರದು. ಗೊತ್ತಾದರೆ ಅವಳು ಹೂ ಕಟ್ಟುವುದು, ಮಗುವಿಗೆ ತಲೆ ಬಾಚುವುದು ಎಲ್ಲವೂ ಕೊನೆಯ ಸಲದ್ದಾಗಿಬಿಡುತ್ತದೆ. ಬದುಕಿರುವಷ್ಟು ದಿನ ಅವಳು ಬದುಕಲಿ ಎಂದು ಗಂಡ ಬಾಯಿ ಮುಚ್ಚಿಕೊಂಡಿದ್ದಾನೆ. ಇದು ಹೇಡಿತನವೋ ಪ್ರೀತಿಯೋ ನನಗೇ ತೀರ್ಮಾನವಾಗಿಲ್ಲ, ಅದಕ್ಕೇ ಬರವಣಿಗೆ ಮುಂದೆ ಹೋಗುತ್ತಿಲ್ಲ.

ಈ ಸಲ ಎರಡು ವಾರ ಬಿಡಬೇಡ.

ಆದಿ


ಹೊಸಕೋಟೆ
೨೦ ಜುಲೈ ೧೯೪೪

ಆದಿ,

ಕ್ಷಯದ ಜೊತೆ ಚೌಕಾಸಿ ನಡೆಯುವುದಿಲ್ಲ. ಹಾಲು ಮೊಟ್ಟೆ ಒಳ್ಳೆಯದೇ, ಸಾಲದು. ನಿನ್ನ ಅಮ್ಮಯಮ್ಮ ಬರುವ ದೀಪಾವಳಿ ನೋಡಿಯಾಳು, ಅದರಾಚೆಯದು ನೋಡುವುದಿಲ್ಲ. ಇದನ್ನೇ ಬರೆದು ಮುಗಿಸು.

ಇನ್ನು ನಿನ್ನ ಮೇಷ್ಟರು. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡು, ಮಗುವನ್ನು ಅವಳ ಮಗ್ಗುಲಲ್ಲಿ ಮಲಗಲು ಬಿಡುವ ಗಂಡಸು ನನ್ನ ಆಸ್ಪತ್ರೆಗೆ ಬಂದರೆ ಕುರ್ಚಿಯ ಮೇಲೆ ಕೂರಲು ಹೇಳುವುದಿಲ್ಲ. ಅದು ಪ್ರೀತಿಯೋ ಹೇಡಿತನವೋ ಎಂದು ನೀನು ಹಾಳೆಗಟ್ಟಲೆ ಬರೆಯಬಲ್ಲೆ. ಓದುವವರು ಕಣ್ಣು ಒರೆಸಿಕೊಳ್ಳುತ್ತಾರೆ. ಮಗು ಸಾಯುತ್ತದೆ.

ಇನ್ನು ಈ ವಿಷಯದಲ್ಲಿ ನನ್ನನ್ನು ಕೇಳಬೇಡ. ನನಗೆ ನಿಜವಾದ ರೋಗಿಗಳಿದ್ದಾರೆ.

ಖಲೀಲುಲ್ಲಾ


ದೇವನಹಳ್ಳಿ
೨೫ ಜುಲೈ ೧೯೪೪

ಖಲೀಲಣ್ಣನವರಿಗೆ ಭಾಗ್ಯಮ್ಮ ಮಾಡುವ ನಮಸ್ಕಾರಗಳು.

ನೀವು ಅವರಿಗೆ ಬರೆದ ಕಾಗದ ಮೊನ್ನೆ ಬಂತು. ಅವರು ಶಾಲೆಗೆ ಹೋಗಿದ್ದರು. ನಾನು ಒಡೆಯಬಾರದಿತ್ತು, ಒಡೆದೆ. ನಿಮ್ಮ ಹಿಂದಿನ ಕಾಗದ ಓದಿದ ದಿನ ಅವರು ಪುಟ್ಟಿಯನ್ನು ನನ್ನ ತೊಡೆಯ ಮೇಲಿಂದ ಎತ್ತಿಕೊಂಡು ಹೋಗಿ, ಅರ್ಧ ಗಂಟೆಯ ಮೇಲೆ ತಾವೇ ತಂದು ಕೂರಿಸಿದ್ದರು. ಏಕೆಂದು ಗೊತ್ತಾಗದೆ ಒದ್ದಾಡುತ್ತಿದ್ದೆ.

ಅವರು ಬರೆಯುವುದನ್ನೆಲ್ಲ ಶುದ್ಧ ಪ್ರತಿ ಮಾಡುವವಳು ನಾನು. ಎರಡು ಕಾದಂಬರಿಯೂ ನನ್ನ ಅಕ್ಷರದಲ್ಲೇ ಅಚ್ಚಿನ ಮನೆಗೆ ಹೋದವು. ಅಮ್ಮಯಮ್ಮ ಎಂಬವಳ ಬಗ್ಗೆ ಈ ಮನೆಯಲ್ಲಿ ಒಂದು ಹಾಳೆಯೂ ಇಲ್ಲ. ಯುಗಾದಿಯಿಂದ ಅವರು ಒಂದು ಸಾಲು ಬರೆದಿಲ್ಲ. ಮೇಜಿನ ಮುಂದೆ ಕೂರುತ್ತಾರೆ, ಲೇಖನಿಯನ್ನು ಮಸಿಯಲ್ಲಿ ಅದ್ದುತ್ತಾರೆ, ಅದು ಒಣಗಿದ ಮೇಲೆ ಎದ್ದು ಹೋಗುತ್ತಾರೆ. ಆದ್ದರಿಂದ ಅಮ್ಮಯಮ್ಮ ನಾನೇ ಇರಬೇಕು.

ಅವರಿಗೆ ಗೊತ್ತಾಗದಿರಲೆಂದು ನಾನು ಬಟ್ಟೆ ಬಚ್ಚಿಡುತ್ತಿದ್ದೆ. ನನಗೆ ಗೊತ್ತಾಗದಿರಲೆಂದು ಅವರು ಕಥೆ ಕಟ್ಟುತ್ತಿದ್ದರು. ನಿಮ್ಮ ಕವರನ್ನು ಅನ್ನದ ಅಗುಳಿನಿಂದ ಅಂಟಿಸಿ ಮೇಜಿನ ಮೇಲಿಟ್ಟೆ. ಓದಿ, ಊಟ ಬೇಡ ಎಂದರು.

ಎರಡು ಕೇಳಬೇಕು. ಆಚೆ ದೀಪಾವಳಿ ಇಲ್ಲ ಎಂದು ಬರೆದಿದ್ದೀರಿ. ಅದು ಕಥೆಗೋ ನಿಜಕ್ಕೋ? ನಿಜಕ್ಕಾದರೆ ಮೊದಲು ಏನೇನು ಮಾಡಿಡಬೇಕು ಹೇಳಿ. ಎರಡನೆಯದು ಮಗು. ಕಾಗದ ಓದಿದ ದಿನವೇ ಪುಟ್ಟಿಯ ಹಾಸಿಗೆಯನ್ನು ಅತ್ತೆಯ ಕೋಣೆಗೆ ಹಾಕಿದೆ, ಸೊಳ್ಳೆ ಹೆಚ್ಚು ಎಂದು ನೆಪ ಹೇಳಿ. ಅದು ಸಾಕೇ?

ನಿಮ್ಮ ತಂಗಿಗೆ ಸಮವಾದ,
ಭಾಗ್ಯಮ್ಮ


ಹೊಸಕೋಟೆ
೨೭ ಜುಲೈ ೧೯೪೪

ಆದಿ,

ಭಾಗ್ಯಮ್ಮನ ಕಾಗದ ಬಂದಿದೆ. ಅವಳಿಗೆ ಎಲ್ಲ ಗೊತ್ತು. ಈ ಕಾಗದವನ್ನು ಅವಳ ಮುಂದೆ ಕೂತು ಗಟ್ಟಿಯಾಗಿ ಓದು.

ಭಾನುವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ಮನೆಯವರೆಲ್ಲ ಇರಬೇಕು, ನಿನ್ನ ತಾಯಿ ಸಪ್ಪಲಮ್ಮನವರೂ. ಎಲ್ಲರ ಎದೆ ನೋಡಬೇಕು, ಕಫ ತೆಗೆದುಕೊಂಡು ಹೋಗಿ ಬೆಂಗಳೂರಿನಲ್ಲಿ ಪರೀಕ್ಷೆ ಮಾಡಿಸಬೇಕು.

ಭಾಗ್ಯಮ್ಮಾ, ದೀಪಾವಳಿಯ ಮಾತು ಕಥೆಗೆ ಬರೆದದ್ದು. ಅದೂ ಸಿಟ್ಟಿನಲ್ಲಿ. ರೋಗಿಯನ್ನು ಕಣ್ಣಿಂದ ನೋಡದೆ ಅಂಥ ಮಾತು ಆಡುವ ಡಾಕ್ಟರು ನಾನಲ್ಲ. ಇಲ್ಲದ ಹೆಂಗಸು ಎಂದು ಆಡಿದೆ. ಹಾಲು, ಮೊಟ್ಟೆ, ಹಾಸಿಗೆ ಬಿಟ್ಟು ಏಳದ ವಿಶ್ರಾಂತಿ ಇವತ್ತಿನಿಂದಲೇ ಶುರುವಾಗಲಿ.

ಆದಿ, ಆ ಸಿಟ್ಟು ಎಲ್ಲಿಂದ ಬಂತೆಂದು ಈಗಲೇ ಹೇಳಿಬಿಡುತ್ತೇನೆ, ಇನ್ನೊಂದು ಕಾಗದಕ್ಕೆ ಕಾಯುವುದಿಲ್ಲ. ಶಾಕಿರಾ ಮದುವೆಯಾದ ಇಪ್ಪತ್ತೆರಡನೆಯ ದಿನಕ್ಕೆ ಕೋಲಾರದ ಗಂಡನ ಮನೆಯಿಂದ ಒಬ್ಬಳೇ ಬಂದದ್ದು, ಪೆಟ್ಟಿಗೆ ಅಲ್ಲೇ ಬಿಟ್ಟು ಬೀಗದ ಕೈ ಮಾತ್ರ ಸೆರಗಿಗೆ ಕಟ್ಟಿಕೊಂಡು ಬಂದದ್ದು, ನಿನಗೆ ನಾನು ಹೇಳಿದ್ದೆ. ಸ್ನೇಹಿತನೆಂದು ಹೇಳಿದ್ದೆ. ಎರಡು ವರ್ಷದ ಮೇಲೆ ನಿನ್ನ ಕಾದಂಬರಿಯಲ್ಲಿ ಒಬ್ಬ ಪಾರ್ವತಿ ಸೆರಗಿಗೆ ಬೀಗದ ಕೈ ಕಟ್ಟಿಕೊಂಡು ಬಂದಳು. ಶಾಕಿರಾ ಓದಿ ನನ್ನನ್ನು ಒಂದೇ ಮಾತು ಕೇಳಿದಳು: "ಭಾಯ್, ಇದು ನಿಮ್ಗೂ ನಂಗೂ ಬಿಟ್ರೆ ಯಾರಿಗೆ ಗೊತ್ತಿತ್ತು?" ಆಮೇಲೆ ಒಂದು ವರ್ಷ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ.

ಮಗುವನ್ನು ಸಪ್ಪಲಮ್ಮನವರ ಕೋಣೆಯಲ್ಲೂ ಮಲಗಿಸಬೇಡಿ. ಕಾರಣ ಬಂದ ಮೇಲೆ ಹೇಳುತ್ತೇನೆ.

ಖಲೀಲ್


ಹೊಸಕೋಟೆ
೪ ಆಗಸ್ಟ್ ೧೯೪೪

ಆದಿ,

ಪರೀಕ್ಷೆಯ ಚೀಟಿ ಬಂತು. ಭಾಗ್ಯಮ್ಮನ ಕಫದಲ್ಲಿ ಕ್ಷಯದ ಕ್ರಿಮಿ ಇದೆ. ನನ್ನ ಕಿವಿಗೆ ಕೇಳಿದಂತೆ ಬಲಗಡೆ ಒಂದೇ ಕೆಟ್ಟಿದೆ, ಎಡಗಡೆ ಚೆನ್ನಾಗಿದೆ. ಇದು ಒಳ್ಳೆಯ ಸುದ್ದಿ, ಹಾಗೆಂದೇ ತಿಳಿ.

ಸಪ್ಪಲಮ್ಮನವರ ಕಫದಲ್ಲಿ ಅದಕ್ಕಿಂತ ಹತ್ತು ಪಾಲು ಇದೆ. ಅವರದು ಗೂರಲು ಅಲ್ಲ ಆದಿ. ಎಷ್ಟು ವರ್ಷದಿಂದಲೋ ಕ್ಷಯ. ಮುದುಕರಲ್ಲಿ ಅದು ಹೀಗೆಯೇ ಮೆಲ್ಲಗೆ ಇರುತ್ತದೆ, ಅವರನ್ನು ಬೇಗ ಕೊಲ್ಲುವುದಿಲ್ಲ. ಮನೆಯ ಎಳೆಯರನ್ನು ಹಿಡಿಯುತ್ತದೆ. ಭಾಗ್ಯಮ್ಮನಿಗೆ ಬಂದದ್ದು ಅಲ್ಲಿಂದಲೇ ಇರಬೇಕು.

ಪುಟ್ಟಿಯ ಕುತ್ತಿಗೆಯಲ್ಲಿ ಎರಡು ಗಂಟು ಕೈಗೆ ಸಿಕ್ಕವು. ಏನೂ ಆಗದಿರಬಹುದು. ಆದರೆ ಅವಳು ಆ ಮನೆಯಲ್ಲಿ ಇನ್ನು ಒಂದು ವಾರವೂ ಇರಬಾರದು. ಯಾರ ಮನೆಗಾದರೂ ಕಳಿಸು.

ಬೆಂಗಳೂರಿನ ಆಸ್ಪತ್ರೆಯಲ್ಲಿ ನನಗೆ ಪಾಠ ಹೇಳಿದ ಡಾಕ್ಟರೊಬ್ಬರಿದ್ದಾರೆ. ಇಪ್ಪತ್ತೊಂದಕ್ಕೆ ಹಾಸಿಗೆ ಕೊಡುತ್ತಾರೆ. ಪಕ್ಕೆಗೆ ಸೂಜಿ ಹಾಕಿ ಗಾಳಿ ತುಂಬಿಸಿ ಕೆಟ್ಟ ಶ್ವಾಸಕೋಶವನ್ನು ಮಡಿಸಿ ಮಲಗಿಸುತ್ತಾರೆ. ಕೆಲಸವಿಲ್ಲದೆ ಮಲಗಿದರೆ ಗಾಯ ಮಾಯುತ್ತದೆ. ಎಲ್ಲರಿಗೂ ಆಗುವುದಿಲ್ಲ. ಕೆಲವರಿಗೆ ಆಗುತ್ತದೆ.

ಖಲೀಲ್


ದೇವನಹಳ್ಳಿ
೧೦ ಆಗಸ್ಟ್ ೧೯೪೪

ಪ್ರಿಯ ಖಲೀಲ್,

ಅಮ್ಮನಿಗೆ ಹೇಳಿದೆ. ಜಗಲಿಯ ಮೇಲೆ ಅವರೆಕಾಳು ಹಸನು ಮಾಡುತ್ತಿದ್ದರು.

"ನನ್ ಗೂರಲು ಇವತ್ತಿಂದೇನ್ಲಾ? ನಿಮ್ಮಪ್ಪ ಇದ್ದಾಗ್ಲಿಂದ ಐತೆ" ಎಂದರು. ಆಮೇಲೆ ಮೊರ ಕೆಳಗಿಟ್ಟು, "ಅಂಗಾರೆ ಭಾಗ್ಯಂಗೆ ನನ್ನಿಂದ್ಲಾ?" ಎಂದರು. "ಮಗೀನ ಐದ್ ದಿನ ಎದೆಗವಚ್ಕೊಂಡು ಮಲಗಿದ್ನಲ್ಲಪ್ಪ" ಎಂದು ಎದ್ದು, ಚಾಪೆ ಸುತ್ತಿಕೊಂಡು ಕೊಟ್ಟಿಗೆಗೆ ಹೋದರು. ಅಲ್ಲಿಂದ ಒಳಗೆ ಬಂದಿಲ್ಲ. ತಟ್ಟೆ ಲೋಟ ಬೇರೆ ಮಾಡಿಕೊಂಡಿದ್ದಾರೆ. ಪುಟ್ಟಿ ಹತ್ತಿರ ಹೋದರೆ, "ಬರ್ಬೇಡ, ಹೋಗೇ" ಎಂದು ಗದರುತ್ತಾರೆ. ಮಗುವಿಗೆ ತಾನೇನು ತಪ್ಪು ಮಾಡಿದೆ ಎಂದು ಗೊತ್ತಿಲ್ಲ.

ವಿಜಯಪುರಕ್ಕೆ ಭಾಗ್ಯಳ ಅಣ್ಣ ಬೈಲಪ್ಪನ ಮನೆಗೆ ಪುಟ್ಟಿಯನ್ನು ಕರೆದುಕೊಂಡು ಹೋದೆ. ಕಾಯಿಲೆಯ ಹೆಸರು ಹೇಳುವವರೆಗೆ ಕಾಫಿ ಬಂತು. ಹೇಳಿದ ಮೇಲೆ ಅವನು ಹೊಸಿಲಲ್ಲೇ ನಿಂತು, "ಭಾವ, ನಮ್ಮನೇಲೂ ಮಕ್ಳವೆ. ತಪ್ಪು ತಿಳ್ಕೋಬೇಡಿ" ಎಂದ. ತಪ್ಪು ತಿಳಿಯಲು ನನಗೆ ಮುಖವೆಲ್ಲಿದೆ? ಮೂರು ತಿಂಗಳು ಅದೇ ಮಗುವನ್ನು ನಾನು ಎಲ್ಲಿ ಮಲಗಿಸಿದ್ದೆ?

ಖಲೀಲ್, ನಾನು ಸಭೆಗಳಲ್ಲಿ ಮಾತಾಡಿದ್ದೇನೆ. ಬಾಯಿಲ್ಲದವರ ನೋವಿಗೆ ಬಾಯಿ ಕೊಡುವುದೇ ಕಾದಂಬರಿಯ ಕೆಲಸ ಎಂದಿದ್ದೇನೆ, ಚಪ್ಪಾಳೆ ಬಿದ್ದಿವೆ. ನಿನ್ನ ತಂಗಿ ಬಾಯಿ ಕೊಡು ಎಂದು ಕೇಳಿರಲಿಲ್ಲ. ಅವಳ ಸೆರಗಿನ ಗಂಟು ಬಿಚ್ಚಿ ನಾನೇ ತೆಗೆದುಕೊಂಡೆ. ಅದೇ ನನ್ನ ಮನೆಗೆ ನೋವು ಬಂದಾಗ ಅದಕ್ಕೆ ಇನ್ನೊಬ್ಬಳ ಹೆಸರಿಟ್ಟು ಹೊರಗೆ ಕಳಿಸಿದೆ. ಪಕ್ಕದ ಕೋಣೆಯಲ್ಲಿ ಅವಳು ಕೆಮ್ಮುತ್ತಿದ್ದರೆ ನಾನಿಲ್ಲಿ ಅವಳ ಕೆಮ್ಮನ್ನು ಚೆಂದದ ವಾಕ್ಯಗಳಲ್ಲಿ ನಿನಗೆ ವರ್ಣಿಸುತ್ತಿದ್ದೆ. ಬಳೆ ಮೊಣಕೈಗೆ ಜಾರುತ್ತದೆ ಎಂದು ಬರೆದಾಗ, ನಿಜ ಹೇಳುತ್ತೇನೆ, ವಾಕ್ಯ ಚೆನ್ನಾಗಿ ಬಂತೆಂದು ಒಂದು ಗಳಿಗೆ ಸಂತೋಷವಾಯಿತು. ಇದನ್ನು ಯಾರಿಗೂ ಹೇಳಿಲ್ಲ.

ಮಗುವನ್ನು ಎಲ್ಲಿ ಬಿಡಲಿ?

ಆದಿ


ಹೊಸಕೋಟೆ
೧೩ ಆಗಸ್ಟ್ ೧೯೪೪

ಆದಿ,

ನಿನ್ನ ಕಾಗದ ಶಾಕಿರಾ ಓದಿದಳು. ನಾನು ಕೊಡಲಿಲ್ಲ, ಮೇಜಿನಿಂದ ತೆಗೆದುಕೊಂಡಳು.

"ಮಗೂನ ಇಲ್ಲಿಗೆ ಕರ್ಕೊಂಡು ಬರ್ಲಿ" ಎಂದಳು.

"ಅದು ಆದಿಯ ಮಗು" ಎಂದೆ.

"ಮಗು ಏನೂ ಕಾದಂಬರಿ ಬರ್ದಿಲ್ವಲ್ಲ" ಎಂದಳು.

ಹದಿನಾರಕ್ಕೆ ಕರೆದುಕೊಂಡು ಬಾ. ಬಟ್ಟೆ ಎಲ್ಲ ಕುದಿಸಿ ಒಣಗಿಸಿ ತಾ. ಅವಳಿಗೆ ಧನ್ಯವಾದ ಹೇಳಲು ಹೋಗಬೇಡ. ಕ್ಷಮೆ ಕೇಳಲೂ ಹೋಗಬೇಡ. ನೀನು ಕ್ಷಮೆ ಕೇಳಿದರೆ ಅದೂ ಒಂದು ಅಧ್ಯಾಯವಾಗುತ್ತದೆ.

ಖಲೀಲ್


ದೇವನಹಳ್ಳಿ
೨೯ ಅಕ್ಟೋಬರ್ ೧೯೪೪

ಪ್ರಿಯ ಖಲೀಲ್,

ನೀನು ಹತ್ತು ದಿನದಿಂದ ಕೊಳತೂರಿನ ಕಡೆ ಕಾಲರಾ ಸೂಜಿ ಹಾಕುತ್ತ ಊರೂರು ತಿರುಗುತ್ತಿದ್ದೀಯೆಂದು ಶಾಕಿರಾ ಹೇಳಿದಳು. ನೀನಿಲ್ಲದಾಗ ನಿನ್ನ ಮನೆಗೆ ಹೋಗಿ ಬಂದೆ, ಅಲ್ಲಿ ಆದದ್ದನ್ನು ನಾನೇ ಹೇಳುವುದು ಸರಿ.

ಮೊದಲು ಭಾಗ್ಯಳ ಸುದ್ದಿ. ಗಾಳಿ ಹಾಕುವುದು ಒಂಬತ್ತು ಸಲ ಆಯಿತು. ಎರಡನೆಯ ಸಲ ಉಸಿರು ಕಟ್ಟಿ ಬಹಳ ಹೆದರಿಸಿದಳು. ಈಗ ಸಂಜೆಯ ಜ್ವರ ವಾರದಲ್ಲಿ ಎರಡು ದಿನ ಬರುವುದಿಲ್ಲ. ದಿನ ಬಿಟ್ಟು ದಿನ ಪುಟ್ಟಿಯ ಸುದ್ದಿ ಬರೆಯಬೇಕೆಂದು ಕಟ್ಟಪ್ಪಣೆ. ನನಗಿದೇನು ಕಷ್ಟ ಎಂದುಕೊಂಡೆ. ನೀನು ಕಳಿಸುವ ನಾಲ್ಕು ಸಾಲಿಗೆ ಸ್ವಲ್ಪ ಬಣ್ಣ ಸೇರಿಸಿ ಕಳಿಸುತ್ತಿದ್ದೆ. ಮೂರನೆಯದಕ್ಕೇ ಸಿಕ್ಕಿಬಿದ್ದೆ. ಮುಂದಿನ ಭಾನುವಾರ ಹಾಸಿಗೆಯ ಮೇಲಿಂದಲೇ, "'ಅಮ್ಮ ಬೆಳ್ಳಿಮೋಡದ ಹಾಗೆ ಬರ್ತಾಳಾ' ಅಂತ ಪುಟ್ಟಿ ಕೇಳಿದ್ಲಾ?" ಎಂದಳು. ಹೂಂ ಎಂದೆ. "ಸುಳ್ಳು. ಅವಳು ಹಂಗೆ ಮಾತಾಡೋದೇ ಇಲ್ಲ. ಏನ್ ತಿಂದ್ಲು, ಎಷ್ಟೊತ್ತಿಗೆ ಎದ್ಲು, ಯಾರ್ ಜೊತೆ ಜಗಳ ಆಡಿದ್ಲು, ಅಷ್ಟು ಬರೀರಿ. ನಂಗೆ ನನ್ ಮಗು ಬೇಕು, ನಿಮ್ ಮಗು ಬೇಡ" ಎಂದಳು. ಆಮೇಲೆ ಕೆಮ್ಮು ಬಂತು, ದಾದಿ ನನ್ನನ್ನು ಹೊರಗೆ ಕಳಿಸಿದಳು. ಹದಿನೈದು ವರ್ಷ ಬರೆದವನಿಗೆ ಒಂದು ಮಗು ರೊಟ್ಟಿ ತಿಂದದ್ದನ್ನು ಇದ್ದ ಹಾಗೆ ಬರೆಯಲು ಬರುತ್ತಿಲ್ಲ. ಬರೆದು ಹೊಡೆದು ಹಾಕುತ್ತೇನೆ, ಮತ್ತೆ ಬರೆಯುತ್ತೇನೆ.

ಅದಕ್ಕೇ ಕಣ್ಣಾರೆ ನೋಡಿ ಬರೋಣವೆಂದು ಹೊಸಕೋಟೆಗೆ ಹೋದದ್ದು. ಪುಟ್ಟಿಯನ್ನು ನಿನ್ನಲ್ಲಿ ಬಿಡುವ ದಿನ ಅಮ್ಮ ಕೊಟ್ಟಿಗೆಯಿಂದ, "ಸಾಬ್ರ ಮನೇಲಿ ಬಿಡ್ತೀರಾ?" ಎಂದಿದ್ದರು. ಭಾಗ್ಯ, "ಅತ್ತೆ, ಅವಳು ಬದುಕೋ ಮನೇಲಿ ಬಿಡ್ತೀವಿ" ಎಂದಿದ್ದಳು. ಈಗ ನೋಡಿದರೆ ಪುಟ್ಟಿ ನಿನ್ನ ಹಿತ್ತಲಲ್ಲಿ ಕೋಳಿಗಳ ಹಿಂದೆ ಓಡುತ್ತಿದ್ದಳು. ಶಾಕಿರಾಳನ್ನು ಅಕ್ಕ ಎನ್ನುವಂತೆ ಆಪಾ ಎಂದು ಕರೆಯುತ್ತಾಳೆ. ಕೆನ್ನೆ ತುಂಬಿದೆ.

ಶಾಕಿರಾ ಅಡುಗೆಮನೆಯ ಬಾಗಿಲಲ್ಲಿ ರೊಟ್ಟಿ ಹಿಟ್ಟಿನ ಕೈಯಲ್ಲೇ ನಿಂತಿದ್ದಳು. ನೀನು ಹೇಳಿದಂತೆ ಧನ್ಯವಾದ ಹೇಳಲಿಲ್ಲ, ಕ್ಷಮೆಯನ್ನೂ ಕೇಳಲಿಲ್ಲ. ಅವಳೇ ಕೇಳಿದಳು. ಚಿಕ್ಕಂದಿನಲ್ಲಿ ನನ್ನನ್ನು ಆದಿಯಣ್ಣ ಎನ್ನುತ್ತಿದ್ದವಳು, "ಮೇಷ್ಟ್ರೇ, ನನ್ನನ್ನ ಬಾವಿಗೆ ಯಾಕೆ ಹಾಕಿದ್ರಿ?" ಎಂದಳು.

ನನ್ನ ಪುಸ್ತಕದಲ್ಲಿ ಪಾರ್ವತಿ ತವರಿಗೆ ಬಂದು, ಮೂರು ದಿನ ಅತ್ತು, ಬಾವಿಗೆ ಬೀಳುತ್ತಾಳೆ. ಅದನ್ನು ಬರೆದ ದಿನ ನಾನೂ ಅತ್ತಿದ್ದೆ.

"ಬೀಗದ ಕೈ ವಿಚಾರ ಬರೆದ್ರಿ, ಅದಕ್ಕೆ ಸಿಟ್ಟು ಬಂತು, ಹೋಯ್ತು" ಎಂದಳು. "ಆದ್ರೆ ನಾನು ಅಳ್ಲಿಲ್ಲ. ಮನೆಗೆ ಬಂದು ಎರಡು ದಿನ ನಿದ್ದೆ ಮಾಡ್ದೆ. ಅಲ್ಲಿ ಇಪ್ಪತ್ತೆರಡು ದಿನ ಕಣ್ಣು ಮುಚ್ಚಿರ್ಲಿಲ್ಲ. ಆಗಿನ್ನೂ ಅಮ್ಮಿ ಇದ್ರು, ಎದ್ದು ಅವ್ರ ಹತ್ರ ಹಸಿವು ಅಂದೆ. ನಿಮ್ ಪುಸ್ತಕ ಓದ್ದೋರೆಲ್ಲ, ಹಂಗೆ ಬಂದೋಳಿಗೆ ಬಾವಿ ಬಿಟ್ರೆ ಬೇರೆ ದಾರಿ ಇಲ್ಲ ಅಂದ್ಕೊಂಡಿರ್ತಾರೆ. ನಾನಿಲ್ಲಿ ನಿಮ್ ಮಗಳಿಗೆ ರೊಟ್ಟಿ ಸುಡ್ತಾ ಇದೀನಿ."

ಇಷ್ಟೇ ಹೇಳಿ ಒಳಗೆ ಹೋದಳು. ಬಸ್ಸಿನಲ್ಲಿ ಬೂದಿಗೆರೆವರೆಗೆ ಅದೇ ಮಾತು ಕಿವಿಯಲ್ಲಿತ್ತು. ಅವಳನ್ನು ಮುಂದೇನು ಮಾಡಬೇಕೆಂದು ನನಗೆ ತೋಚಿರಲಿಲ್ಲ ಖಲೀಲ್, ಅದಕ್ಕೇ ಬಾವಿಗೆ ಹಾಕಿದ್ದು. ಕಾರಣ ಅಷ್ಟೇ. ಜನ ಅದನ್ನು ದುರಂತ ಎಂದು ಹೊಗಳಿದರು.

ಆದಿ


ಹೊಸಕೋಟೆ
೨೦ ಫೆಬ್ರವರಿ ೧೯೪೫

ಆದಿ,

ಕೂತು ಓದು. ಈಗ ಎಲ್ಲ ಸರಿಯಾಗಿದೆ, ಮುಂದಿನದನ್ನು ಓದಲು ಹೆದರಬೇಡ.

ಜನವರಿ ಇಪ್ಪತ್ತೇಳರಿಂದ ಪುಟ್ಟಿಗೆ ಜ್ವರವಿತ್ತು. ಹದಿಮೂರು ದಿನ. ಐದನೆಯ ದಿನ ತಲೆನೋವು ಎಂದಳು, ವಾಂತಿ ಮಾಡಿದಳು. ಕ್ಷಯ ಮಿದುಳಿಗೆ ಏರಿತೆಂದೇ ನಾನು ತಿಳಿದೆ. ಹಾಗಾದರೆ ಮದ್ದಿಲ್ಲ, ಎರಡು ಮೂರು ವಾರದ ಮಾತು. ಬೆಂಗಳೂರಿಗೆ ಎತ್ತಿಕೊಂಡು ಹೋಗಿ ಬೆನ್ನಿನ ನೀರು ತೆಗೆಸಿದೆ. ಶಾಕಿರಾ ಅವಳ ಕಾಲು ಹಿಡಿದುಕೊಂಡಿದ್ದಳು. ನೀರು ತಿಳಿಯಾಗಿತ್ತು. ಬರೀ ವಿಷಮಶೀತ ಜ್ವರ. ಎಕ್ಸ್‌ರೇಯಲ್ಲಿ ಎದೆಯ ಗಂಟು ಒಂದು ಕಂಡಿತು, ಅದು ತಾನಾಗಿ ಗಟ್ಟಿಯಾಗಿ ಮಾಯುತ್ತಿದೆ. ಈಗ ಗಂಜಿ ಬಿಟ್ಟು ಅನ್ನ ಕೇಳುತ್ತಿದ್ದಾಳೆ.

ಆ ದಿನಗಳಲ್ಲಿ ನಿನ್ನಿಂದ ಮೂರು ಕಾಗದ ಬಂದವು. ಮೂರಕ್ಕೂ "ಪುಟ್ಟಿ ಚೆನ್ನಾಗಿದ್ದಾಳೆ" ಎಂದೇ ಬರೆದೆ. ನಿನಗೆ ಹೇಳಿದರೆ ನೀನು ಭಾಗ್ಯಮ್ಮನ ಮುಂದೆ ಮುಖ ಮುಚ್ಚಿಡಲಾರೆ, ಅವಳಿಗೆ ಗೊತ್ತಾದರೆ ಹಾಸಿಗೆಯಿಂದ ಎದ್ದು ಬರುತ್ತಾಳೆ, ಆರು ತಿಂಗಳ ವಿಶ್ರಾಂತಿ ಮಣ್ಣುಪಾಲಾಗುತ್ತದೆ, ಎಂದೆಲ್ಲ ಕಾರಣ ಹೇಳಿಕೊಂಡೆ. ಕಾರಣಗಳೆಲ್ಲ ಸರಿಯಾಗಿಯೇ ಇದ್ದವು. ಆದರೆ ಮೂರನೆಯ ಸಲ ಆ ವಾಕ್ಯ ಬರೆಯುವಾಗ ಅದು ನಿಜವೆಂದು ಅರೆಗಳಿಗೆ ನನಗೇ ನಂಬಿಕೆ ಬಂತು. ಆಗ ನಿನ್ನ ಅಮ್ಮಯಮ್ಮ ನನಗೆ ಅರ್ಥವಾದಳು. ನಿನ್ನ ಮೇಷ್ಟರಿಗೆ ಕುರ್ಚಿ ಕೊಡುವುದಿಲ್ಲ ಎಂದಿದ್ದೆ. ಆ ಮಾತು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.

ಭಾಗ್ಯಮ್ಮನಿಗೆ ನೀನೇ ಹೇಳು. ಕೂಡಿಸದೆ, ಕಳೆಯದೆ.

ಖಲೀಲ್


ದೇವನಹಳ್ಳಿ
೧೭ ಡಿಸೆಂಬರ್ ೧೯೪೫

ಪ್ರಿಯ ಖಲೀಲ್,

ಆಗಸ್ಟಿನಲ್ಲಿ ಅಮ್ಮ ಹೋದಾಗ ನೀನು ಬಂದು ನಿಂತೆ. ಆಮೇಲೆ ನಾನು ನಿನಗೆ ಒಂದು ಸಾಲೂ ಬರೆಯಲಿಲ್ಲ. ಕೊಟ್ಟಿಗೆಯಲ್ಲಿ ಒಂದು ವರ್ಷ ಇದ್ದರು. ಕೊನೆಯ ವಾರ, "ಮಗೀನ ಮುಖ ದೂರದಿಂದ ತೋರ್ಸು" ಎಂದಿದ್ದರು. ನೀನು ಬೇಡವೆಂದೆ, ನಾನು ತೋರಿಸಲಿಲ್ಲ. ನೀನು ಹೇಳಿದ್ದು ಸರಿ. ಆದರೂ ಅದು ನನ್ನಲ್ಲಿ ಹಾಗೆಯೇ ಕೂತಿದೆ.

ನಿನ್ನೆ, ಕಫದಲ್ಲಿ ಕ್ರಿಮಿ ಹೋಗಿ ಆಸ್ಪತ್ರೆಯಿಂದ ಬಂದ ಭಾಗ್ಯಳನ್ನು ನಿನ್ನ ಮನೆಗೆ ಕರೆತಂದಾಗ ನೀನು ರೋಗಿಯೊಬ್ಬನನ್ನು ನೋಡಲು ಪಿಲ್ಲಗುಂಪೆಗೆ ಹೋಗಿದ್ದೆಯಲ್ಲ, ಆಗ ನಡೆದದ್ದು ನಿನಗೆ ಗೊತ್ತಿಲ್ಲ. ನೀನು ಬರುವಷ್ಟರಲ್ಲಿ ಎಲ್ಲರೂ ಸುಮ್ಮನೆ ಚಹಾ ಕುಡಿಯುತ್ತಿದ್ದೆವು.

ಪುಟ್ಟಿ ತಾಯಿಯನ್ನು ನೋಡಿ ಶಾಕಿರಾಳ ಹಿಂದೆ ಸರಿದಳು. ಹದಿನಾರು ತಿಂಗಳು ಖಲೀಲ್. ಭಾಗ್ಯ ಕರೆಯಲಿಲ್ಲ. ಜಗಲಿಯ ಆ ತುದಿಯಲ್ಲಿ ಕೂತು, "ನಿನ್ ಕೋಳಿ ಯಾವ್ದು?" ಎಂದಳು. ಪುಟ್ಟಿ ಬೆರಳು ತೋರಿಸಿದಳು. "ಅದ್ರ ಹೆಸ್ರೇನು?" ಎಂದಳು. ಹೀಗೇ ಅರ್ಧ ಗಂಟೆ. ಆಮೇಲೆ ಪುಟ್ಟಿ ತಾನಾಗಿ ಬಂದು ಪಕ್ಕದಲ್ಲಿ ಕೂತಳು.

ಶಾಕಿರಾ ಒಳಗೆ ಮಗುವಿನ ಬಟ್ಟೆ ಗಂಟು ಕಟ್ಟುತ್ತಿದ್ದಳು. ಬಾಗಿಲಿಂದ ನಮಗೆ ಬೆನ್ನು ಮಾತ್ರ ಕಾಣುತ್ತಿತ್ತು. ಮಡಿಸಿದ ಲಂಗವನ್ನೇ ಬಿಚ್ಚಿ ಮತ್ತೆ ಮಡಿಸಿದಳು, ಮತ್ತೆ ಬಿಚ್ಚಿದಳು. ಭಾಗ್ಯ ಅದನ್ನು ನೋಡಿದಳು. ಎದ್ದು ಒಳಗೆ ಹೋಗಿ, "ಶಾಕಿರಾ, ಡಾಕ್ಟ್ರು ನಂಗೆ ಇನ್ನೂ ಒಂದ್ ವರ್ಷ ಬಿಂದಿಗೆ ಎತ್ತಬೇಡಿ ಅಂದವ್ರೆ. ಮಗು ಬೇಸಿಗೆ ತನಕ ಇಲ್ಲೇ ಇರ್ಲಿ. ಭಾನುವಾರ ಭಾನುವಾರ ನಾವೇ ಬರ್ತೀವಿ" ಎಂದಳು. ಶಾಕಿರಾ ತಿರುಗಲಿಲ್ಲ. ಆಗಲಿ ಎಂದು ತಲೆಯಾಡಿಸಿದಳು.

ಅಲ್ಲಿ ನಾನು ನೋಡುತ್ತ ನಿಂತಿದ್ದೆ. ಹಿಂದೆ ಆಗಿದ್ದರೆ ಅದನ್ನು ಆಗಲೇ ಮನಸ್ಸಿನಲ್ಲಿ ವಾಕ್ಯ ಮಾಡಿಕೊಳ್ಳುತ್ತಿದ್ದೆ. ನಿನ್ನೆ ಅಡುಗೆಮನೆಗೆ ಹೋಗಿ ಚಹಾಕ್ಕೆ ನೀರಿಟ್ಟೆ.

ಆದರೂ ಒಂದು ಹೇಳಬೇಕು, ಮುಚ್ಚಿಡುವುದಿಲ್ಲ. ಒಂದು ತಿಂಗಳಿಂದ ಮತ್ತೆ ಬರೆಯುತ್ತಿದ್ದೇನೆ. ಗಂಡನ ಮನೆಯಿಂದ ಬಂದು ಎರಡು ದಿನ ನಿದ್ದೆ ಮಾಡಿ, ಎದ್ದು ಹಸಿವು ಎನ್ನುವ ಹುಡುಗಿ. ಅಲ್ಲಿಂದ ಮುಂದೇನೆಂದು ನನಗೆ ಗೊತ್ತಿಲ್ಲ. ಗೊತ್ತಿಲ್ಲದಿರುವುದರಿಂದ ಭಯವಾಗುತ್ತದೆ. ನಿನ್ನೆ ರಾತ್ರಿ ಭಾಗ್ಯ ಪ್ರತಿ ಮಾಡುವ ಮೊದಲೇ ನಿಲ್ಲಿಸಿ, "ಇದನ್ನ ಅವಳಿಗೆ ತೋರ್ಸಿದೀರಾ?" ಎಂದಳು. ಹನ್ನೆರಡು ಹಾಳೆ ಇದರ ಜೊತೆ ಇಟ್ಟಿದ್ದೇನೆ. ಶಾಕಿರಾ ಓದಿ ಒಲೆಗೆ ಹಾಕಿದರೆ ಅದು ಅಲ್ಲಿಗೆ ಮುಗಿಯಿತು. ಬೇರೆ ಪ್ರತಿ ಇಲ್ಲ.

ಆದಿ


ಹೊಸಕೋಟೆ
೬ ಜನವರಿ ೧೯೪೬

ಮೇಷ್ಟರಿಗೆ ಶಾಕಿರಾ ಮಾಡುವ ಸಲಾಂ.

ಹಾಳೆ ಓದಿದೆ. ಭಾಯ್ ಓದುತ್ತೇನೆಂದರು, ಕೊಡಲಿಲ್ಲ.

ನಿದ್ದೆಯ ಭಾಗ ಸರಿಯಾಗಿದೆ. ಬಸ್ಸಿನ ಭಾಗ ಸರಿಯಿಲ್ಲ. ನಿಮ್ಮ ಹುಡುಗಿ ದಾರಿಯುದ್ದಕ್ಕೂ ಕಿಟಕಿಯ ಆಚೆ ನೋಡುತ್ತ ತನ್ನ ಬಾಳಿನ ಬಗ್ಗೆ ಯೋಚಿಸುತ್ತಾಳೆ. ನನ್ನ ಪಕ್ಕದಲ್ಲಿ ಒಬ್ಬಳು ಮುದುಕಿ ಎರಡು ಹುಂಜ ಇಟ್ಟುಕೊಂಡು ಕೂತಿದ್ದಳು. ಕೋಲಾರ ದಾಟಿದ ಮೇಲೆ ಒಂದರ ಕಾಲಿನ ಕಟ್ಟು ಬಿಚ್ಚಿಕೊಂಡು ಅದು ಕಂಡಕ್ಟರ ತಲೆಯ ಮೇಲೆ ಹಾರಿತು. ಹೊಸಕೋಟೆಯವರೆಗೂ ಅದನ್ನು ಹಿಡಿದುಕೊಳ್ಳುವುದೇ ನನಗೂ ಅವಳಿಗೂ ಕೆಲಸವಾಯಿತು. ಬಹಳ ನಕ್ಕೆವು. ಮದುವೆಯಾದ ಮೇಲೆ ನಾನು ನಕ್ಕದ್ದು ಅವತ್ತೇ ಮೊದಲು. ಇದನ್ನು ಭಾಯ್‌ಗೂ ಹೇಳಿರಲಿಲ್ಲ. ಅಂಥ ದಿನ ನಕ್ಕೆನಲ್ಲ ಎಂದು ನನಗೇ ನಾಚಿಕೆಯಾಗಿತ್ತು.

ಇದು ನಿಮಗೆ ಗೊತ್ತಿರಲು ಸಾಧ್ಯವಿಲ್ಲ. ನೀವು ಕೇಳಿರಲಿಲ್ಲ.

ನನ್ನ ವಿಷಯ ಬರೆಯಬೇಡಿ ಎಂದು ಹೇಳುವುದಿಲ್ಲ. ಕೇಳಿ ಬರೆಯಿರಿ. ಶುಕ್ರವಾರ ಬಿಟ್ಟು ಯಾವ ದಿನವಾದರೂ ಮಧ್ಯಾಹ್ನ ನನಗೆ ಬಿಡುವಿರುತ್ತದೆ. ಭಾಗ್ಯಮ್ಮನವರನ್ನೂ ಕರೆದುಕೊಂಡು ಬನ್ನಿ. ನೀವೊಬ್ಬರೇ ಬಂದರೆ ಮನಸ್ಸಿನಲ್ಲಿಟ್ಟುಕೊಂಡು ಹೋಗುತ್ತೀರಿ. ಅವರಾದರೆ ನಾನು ಹೇಳಿದ ಹಾಗೇ ಬರೆದುಕೊಳ್ಳುತ್ತಾರೆ.

ಶಾಕಿರಾ